ಗಂಧದೆಣ್ಣೆಗೆ ಕಾವಲು

ಮೇಷ್ಟ್ರಾದವನು ಉಡುಗೊರೆ ಕೊಳ್ಳಲು ಹೊರಟರೆ ಏನಾಗುವುದೆಂಬುದಕ್ಕೆ ಈ ವಾರ ನನ್ನದೇ ಒಂದು ಅನುಭವವನ್ನು ವಾಚಕರ ಮುಂದಿಡಬೇಕಾಗಿದೆ. ಹೇಳಿಕೊಳ್ಳುವುದಕ್ಕೆ ಸಂಕೋಚವೇ, ಆದರೆ ಮತ್ತೊಂದು ಮನೆಯಲ್ಲಿ ಇದೇ ತಪ್ಪು ನಡೆಯದಂತಾದರೆ ನನ್ನ ಸಂಕೋಚಕ್ಕೆ ಬೆಲೆ ಬಂದಂತಾಯಿತು.

ಗುಬ್ಬಿ ತಾಲ್ಲೂಕಿನ ಬಿದರೆಹಳ್ಳಿ ಕಾವಲಿನ ಮಗ್ಗುಲಲ್ಲಿ ನನ್ನ ಅಕ್ಕನ ಮನೆ. ಕಾವಲ್ ಎಂದರೆ ದನಕರುಗಳು ಮೇಯಲೆಂದು ಉಳುಮೆಗೆ ಬಿಡದೆ ಕಾದಿರಿಸಿದ ಹುಲ್ಲುಗಾವಲು. ಈಗ ಆ ಹೆಸರು ಹೊರಗಿನವರಿಗೆ ಪರಿಚಯವಾಗಿರುವುದು ಹುಲ್ಲಿನಿಂದಲ್ಲ, ಹೆಲಿಕಾಪ್ಟರಿನಿಂದ. ಹಿಂದೂಸ್ತಾನ್ ಏರೋನಾಟಿಕ್ಸ್ ಸಂಸ್ಥೆಯ ಕಾರ್ಖಾನೆಗೆ 2016ರಲ್ಲಿ ಅಲ್ಲಿ ಅಡಿಗಲ್ಲು ಬಿದ್ದು, 615 ಎಕರೆಗಳ ಆ ನೆಲದಲ್ಲಿ 2023ರ ಫೆಬ್ರವರಿಯಲ್ಲಿ ಅದರ ಉದ್ಘಾಟನೆಯೂ ಆಯಿತು. ಆದರೆ ನಾನು ಹೇಳಹೊರಟಿರುವುದು ಆಕಾಶದ ಮಾತಲ್ಲ, ಬೇಲಿಯ ಮಾತು. ಭಾವನವರ ಹೊಲದ ಬೇಲಿಯಲ್ಲಿ, ಹೊಂಗೆಯ ಮರದ ಪಕ್ಕದಲ್ಲಿ, ನಾಲ್ಕು ಶ್ರೀಗಂಧದ ಮರಗಳಿವೆ. ಯಾರೂ ನೆಟ್ಟವಲ್ಲ, ಹಣ್ಣು ತಿಂದ ಹಕ್ಕಿ ಉದುರಿಸಿದ ಬೀಜದಿಂದ ಹುಟ್ಟಿದವು. ಅವುಗಳಲ್ಲಿ ಹಿರಿಯದಕ್ಕೆ ಈಗ ಹದಿನೆಂಟು ವರ್ಷವೆಂದು ಭಾವನವರ ಲೆಕ್ಕ. ಅಕ್ಕನ ಮಗಳು ಹುಟ್ಟುವುದಕ್ಕೆ ಹಿಂದಿನ ವರ್ಷ ಅದು ಮೊಳಕಾಲೆತ್ತರ ಇದ್ದಿತಂತೆ.

ಆ ಹುಡುಗಿ ಈಗ ಪಿ.ಯು.ಸಿ. ಓದುತ್ತಿದ್ದಾಳೆ. ಮೊದಲ ವರ್ಷದಲ್ಲಿ ಒಳ್ಳೆಯ ಅಂಕ ಪಡೆದಳೆಂದು ನಾನು ಅವಳಿಗೆ ಒಂದು ಉಡುಗೊರೆ ಕೊಂಡೆ. ಪಟ್ಟಣದ ವಸ್ತುಪ್ರದರ್ಶನವೊಂದರಲ್ಲಿ, ಬಣ್ಣದ ದೀಪಗಳ ಕೆಳಗೆ, ಬೆರಳುದ್ದದ ಸೀಸೆಗಳನ್ನು ಜೋಡಿಸಿಟ್ಟಿದ್ದರು. 'ಅಪ್ಪಟ ಶ್ರೀಗಂಧದ ಎಣ್ಣೆ' ಎಂದು ಚೀಟಿ ಅಂಟಿಸಿತ್ತು. ಬೆಲೆ ನನ್ನಂತಹವನ ಜೇಬಿಗೂ ಎಟುಕುವಂತಿತ್ತು. ಅಪ್ಪಟ ವಸ್ತು ಅಷ್ಟು ಅಗ್ಗವಾಗಿ ಸಿಕ್ಕುವುದುಂಟೆ ಎಂಬ ಸಾಮಾನ್ಯ ಪ್ರಶ್ನೆ, ಎಂ.ಎ. ಓದಿದ ನನ್ನ ತಲೆಗೆ ಹೊಳೆಯಲಿಲ್ಲ.

ಬೇಸಗೆಯ ರಜದಲ್ಲಿ ಅಕ್ಕನ ಮನೆಗೆ ಹೋದಾಗ ಹುಡುಗಿ ಎಂದಿನಂತೆ ಬಾಗಿಲಿಗೆ ಓಡಿಬರಲಿಲ್ಲ. ಒಳಗಿನ ಕೋಣೆಯಲ್ಲಿ ಗೋಡೆಗೆ ಮುಖಮಾಡಿ ಕುಳಿತಿದ್ದಳು. ಕರೆದರೆ ತಿರುಗಿದಳು, ಎರಡು ಕೆನ್ನೆಗಳೂ ಕೆಂಪೇರಿ, ಗದ್ದದ ಹತ್ತಿರ ಸಣ್ಣ ಗುಳ್ಳೆಗಳೆದ್ದು ಊದಿಕೊಂಡಿದ್ದವು. ಮೊಡವೆ ಹೋಗುವುದೆಂದು ಯಾರೋ ಹೇಳಿದ್ದನ್ನು ಮೊಬೈಲಿನಲ್ಲಿ ನೋಡಿ, ಮೂರು ರಾತ್ರಿ ಆ ಎಣ್ಣೆಯನ್ನು ಏನೂ ಬೆರೆಸದೆ ಮುಖಕ್ಕೆ ಹಚ್ಚಿಕೊಂಡು ಮಲಗಿದ್ದಳಂತೆ.

"ಮಾವ, ಸೀಸೆಯ ಮೇಲೆ ಅಪ್ಪಟ ಅಂತ ಬರೆದಿತ್ತಲ್ಲ?" ಎಂದಳು.

ಆ ಪ್ರಶ್ನೆಯಲ್ಲಿ ಆಕ್ಷೇಪಣೆಯಿರಲಿಲ್ಲ. ಇದ್ದಿದ್ದರೆ ನನಗೆ ಇಷ್ಟು ಕಷ್ಟವಾಗುತ್ತಿರಲಿಲ್ಲ.

ಮರುದಿನವೇ ಅವಳನ್ನು ತುಮಕೂರಿನ ಚರ್ಮರೋಗದ ವೈದ್ಯರ ಬಳಿಗೆ ಕರೆದುಕೊಂಡು ಹೋದೆವು. ಅವರು ಮುಖ ನೋಡಿ, ಸೀಸೆಯನ್ನು ಮೂಸಿ, ಮೊದಲು ಅದನ್ನು ನಿಲ್ಲಿಸುವಂತೆ ಹೇಳಿ ಔಷಧ ಬರೆದುಕೊಟ್ಟರು. "ಇದು ಗಂಧದೆಣ್ಣೆಯಿಂದಲೇ ಆದದ್ದೋ, ಅದರಲ್ಲಿ ಬೆರೆತಿರುವ ಬೇರೆ ಯಾವುದರಿಂದಲೋ ಆದದ್ದೋ ನಾನು ಹೇಳಲಾರೆ. ಆದರೆ ಅಪ್ಪಟವೇ ಆಗಿದ್ದರೂ ಹೀಗೆ ಹಚ್ಚಬಾರದಾಗಿತ್ತು" ಎಂದರು. ಈ ಕೊನೆಯ ಮಾತು ನನ್ನ ಮನಸ್ಸಿನಲ್ಲಿ ಉಳಿಯಿತು. ಕಲಬೆರಕೆಯೊಂದೇ ಅಪರಾಧಿ ಎಂದು ಹೇಳಿ ನಾನು ಕೈ ತೊಳೆದುಕೊಳ್ಳುವಂತಿರಲಿಲ್ಲ.

ಮನೆಗೆ ಬಂದಾಗ ಅಕ್ಕನ ಅತ್ತೆಯವರು ದೇವರ ಮುಂದೆ ಸಾಣೆಕಲ್ಲಿನ ಮೇಲೆ ಗಂಧ ತೇಯುತ್ತಿದ್ದರು. ಎಂಬತ್ತು ದಾಟಿದ ಜೀವ. ಅವರು ಹಿಡಿದಿದ್ದ ಕೊರಡು ಅವರ ಮದುವೆಯಲ್ಲಿ ಬಂದದ್ದಂತೆ. ಅರವತ್ತು ವರ್ಷ ತೇದರೂ ಗೇಣುದ್ದ ಉಳಿದಿದೆ. ನಡೆದುದನ್ನೆಲ್ಲ ಕೇಳಿ ಅವರು ಹೇಳಿದ್ದು ಇಷ್ಟೆ: "ಸಾಣೆ ಮೇಲೆ ತೇದರೆ ಎಷ್ಟು ಬೇಕೋ ಅಷ್ಟೇ ಬರುತ್ತೆ ಮೇಷ್ಟ್ರೇ. ಸೀಸೆಗೆ ಆ ಲೆಕ್ಕ ಗೊತ್ತಿಲ್ಲ."

ಅವರ ಮಾತನ್ನು ಅಂಕಿಗಳಲ್ಲಿ ಹೇಳುವುದಾದರೆ ಹೀಗೆ. ಬಲಿತ ಗಂಧದ ಮರದ ಚೇಗಿನಲ್ಲಿ, ಎಂದರೆ ತಿರುಳಿನ ಕಟ್ಟಿಗೆಯಲ್ಲಿ, ನೂರಕ್ಕೆ ಸುಮಾರು ನಾಲ್ಕರಿಂದ ಆರು ಭಾಗ ಎಣ್ಣೆ ಇರುತ್ತದೆ. ನೂರು ಕಿಲೋ ಚೇಗನ್ನು ಬಟ್ಟಿ ಇಳಿಸಿದರೆ ಐದು ಕಿಲೋ ಎಣ್ಣೆ ದೊರೆತೀತು. ಅಂದಮೇಲೆ ಎಣ್ಣೆಯು ಕಟ್ಟಿಗೆಗಿಂತ ಇಪ್ಪತ್ತು ಪಟ್ಟು ಪ್ರಬಲವಾಯಿತು. ನಾವು ಹಣೆಗಿಡುವ ಗಂಧವಾದರೋ ಆ ಕಟ್ಟಿಗೆಯ ಒಂದಿಷ್ಟು ಹುಡಿಯನ್ನು ನೀರಿನಲ್ಲಿ ಕಲಸಿದ್ದು. ಎರಡಕ್ಕೂ ಹೆಸರು ಒಂದೇ, ಪರಿಮಳವೂ ಹತ್ತಿರ ಹತ್ತಿರ ಒಂದೇ. ಪ್ರಮಾಣದಲ್ಲಿ ಮಾತ್ರ ಅಜಗಜಾಂತರ. ನಮ್ಮ ಹಿರಿಯರು ಹಚ್ಚಿಕೊಳ್ಳುತ್ತಿರಲಿಲ್ಲವೆ ಎಂದು ವಾದಿಸುವವರು ಮರೆಯುವುದು ಇದನ್ನೇ. ಹಿರಿಯರು ಹಚ್ಚಿಕೊಂಡದ್ದು ತೇದ ಗಂಧವನ್ನು. ಅದು ಸಹ ಎಲ್ಲರ ಚರ್ಮಕ್ಕೂ ಒಗ್ಗುವುದೆಂದು ಹೇಳುವಂತಿಲ್ಲ. ನಾವು ಹಚ್ಚಿಕೊಳ್ಳಹೊರಟಿರುವುದು ಅದರ ಸಾರದ ಸಾರವನ್ನು.

ಈ ಸಾರವನ್ನು ತೆಗೆಯುವ ಬಗೆಯನ್ನೂ ವಾಚಕರು ತಿಳಿದಿರುವುದು ಒಳ್ಳೆಯದು. ಗಂಧದ ಮರವನ್ನು ಕಡಿಯುವುದಿಲ್ಲ, ಬೇರುಸಹಿತ ಅಗೆದು ತೆಗೆಯುತ್ತಾರೆ. ಏಕೆಂದರೆ ಎಣ್ಣೆಯು ಎಲ್ಲಕ್ಕಿಂತ ಹೆಚ್ಚಾಗಿರುವುದು ಬೇರಿನಲ್ಲಿ. ಹೊರಗಿನ ಬಿಳಿಯ ಕಟ್ಟಿಗೆಗೆ ಪರಿಮಳವಿಲ್ಲ. ಅದನ್ನು ಕೆತ್ತಿಹಾಕಿ ಒಳಗಿನ ಚೇಗನ್ನು ಪುಡಿಮಾಡಿ, ಅದರೊಳಗೆ ದಿನಗಟ್ಟಲೆ ಹಬೆ ಹಾಯಿಸುತ್ತಾರೆ. ಹಬೆಯೊಂದಿಗೆ ಎಣ್ಣೆಯು ಮೇಲೆದ್ದು, ತಂಪಾದಾಗ ನೀರಿನ ಮೇಲೆ ತೇಲುತ್ತದೆ. ಅದರ ತೂಕ ನೀರಿನ ತೂಕಕ್ಕಿಂತ ತುಸುವೇ ಕಡಿಮೆ, ಬಣ್ಣ ತೆಳುಹಳದಿ, ಹರಿಯುವಾಗ ಜೇನಿನಂತೆ ಮಂದ. ಅದರ ಜೀವಾಳವೆಂದರೆ ಸ್ಯಾಂಟಲಾಲ್ ಎಂಬ ದ್ರವ್ಯ. ಅದರಲ್ಲಿ ಆಲ್ಫಾ, ಬೀಟಾ ಎಂದು ಎರಡು ಮುಖ್ಯ ಬಗೆಗಳು. ಆಲ್ಫಾ ಹೆಚ್ಚಿನ ಪಾಲು. ಬೀಟಾ ಪಾಲಿನಲ್ಲಿ ಕಡಿಮೆಯಾದರೂ ನಾವು ಗಂಧವೆಂದು ಗುರುತಿಸುವ ಆ ಹಾಲುಗೆನೆಯಂತಹ ಪರಿಮಳ ಬಹುಮಟ್ಟಿಗೆ ಅದರ ಕೊಡುಗೆ. ಅಂತರರಾಷ್ಟ್ರೀಯ ಮಾನಕದಂತೆ ನಮ್ಮ ಶ್ರೀಗಂಧದ ಎಣ್ಣೆಯಲ್ಲಿ ಆಲ್ಫಾ ಶೇಕಡ 41ರಿಂದ 55ರವರೆಗೂ ಬೀಟಾ ಶೇಕಡ 16ರಿಂದ 24ರವರೆಗೂ ಇರಬೇಕು. ಸ್ಯಾಂಟಲಾಲ್ ಬೇಗ ಆವಿಯಾಗಿ ಹೋಗುವುದಿಲ್ಲ. ಅದಕ್ಕಾಗಿಯೇ ಕನೌಜಿನ ಅತ್ತರು ತಯಾರಕರು ಗುಲಾಬಿ, ಮಲ್ಲಿಗೆ, ಕೇದಗೆಯ ಹಬೆಯನ್ನು ಗಂಧದೆಣ್ಣೆಯಲ್ಲಿ ಇಳಿಸುತ್ತ ಬಂದದ್ದು. ಓಡಿಹೋಗುವ ಹೂವಿನ ಪರಿಮಳವನ್ನು ಇದು ಹಿಡಿದು ನಿಲ್ಲಿಸುತ್ತದೆ.

ಕನ್ನಡನಾಡಿಗೆ ಈ ಎಣ್ಣೆಯ ಉದ್ಯಮ ಬಂದ ಕಥೆಯೂ ಸ್ವಾರಸ್ಯವಾದದ್ದೇ. 1914ಕ್ಕೆ ಮೊದಲು ಮೈಸೂರಿನ ಗಂಧದ ಕಟ್ಟಿಗೆ ಹರಾಜಾಗಿ ಹಡಗು ಹತ್ತಿ ಯೂರೋಪಿಗೆ ಹೋಗುತ್ತಿತ್ತು. ಎಣ್ಣೆ ಅಲ್ಲಿ ಇಳಿಯುತ್ತಿತ್ತು. ಮೊದಲ ಮಹಾಯುದ್ಧ ಬಂದು ಆ ದಾರಿ ಮುಚ್ಚಿದಾಗ ಕಟ್ಟಿಗೆ ಇಲ್ಲೇ ರಾಶಿಬಿದ್ದಿತು. ನಾಲ್ವಡಿ ಕೃಷ್ಣರಾಜ ಒಡೆಯರು ಮಹಾರಾಜರು, ವಿಶ್ವೇಶ್ವರಯ್ಯನವರು ದಿವಾನರು, ಆಲ್ಫ್ರೆಡ್ ಚಾಟರ್ಟನ್ ಎಂಬವರು ಕೈಗಾರಿಕೆಯ ಮುಖ್ಯಾಧಿಕಾರಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಡ್‌ಬರೋ ಮತ್ತು ವಾಟ್ಸನ್ ಎಂಬ ಪ್ರಾಧ್ಯಾಪಕರು ಇಲ್ಲಿಯೇ ಎಣ್ಣೆ ಇಳಿಸಿ ತೋರಿಸಿದರು. 1916ರಲ್ಲಿ ಬೆಂಗಳೂರಿನಲ್ಲಿಯೂ ಮರುವರ್ಷ ಮೈಸೂರಿನಲ್ಲಿಯೂ ಸರ್ಕಾರದ ಕೆಲಸ ಮೊದಲಾಯಿತು. ಸಾಬೂನಿನ ವಿದ್ಯೆ ಕಲಿಯಲು ಎಸ್.ಜಿ. ಶಾಸ್ತ್ರಿಗಳನ್ನು ಇಂಗ್ಲೆಂಡಿಗೆ ಕಳುಹಿಸಿದರು. ಶರಭದ ಗುರುತಿನ ಮೈಸೂರು ಸ್ಯಾಂಡಲ್ ಸಾಬೂನು ನಮ್ಮ ಮನೆಗಳಿಗೆ ಬಂದದ್ದು ಹೀಗೆ. ಯುದ್ಧದಿಂದ ಕೆಟ್ಟದ್ದು ಸಾಬೂನಿನಿಂದ ತೊಳೆಯಿತೆನ್ನಬಹುದು.

ಇನ್ನು ಔಷಧದ ಮಾತು. ಚರಕ, ಸುಶ್ರುತರ ಗ್ರಂಥಗಳಲ್ಲಿ ಚಂದನಕ್ಕೆ ಸ್ಥಾನವಿದೆ. ಉರಿಮೂತ್ರಕ್ಕೆ ಚಂದನಾಸವವನ್ನು ವೈದ್ಯರು ಇಂದಿಗೂ ಕೊಡುವುದುಂಟು. ಪಾಶ್ಚಾತ್ಯ ವೈದ್ಯರೂ ಹತ್ತೊಂಬತ್ತನೆಯ ಶತಮಾನದಲ್ಲಿ ಗಂಧದೆಣ್ಣೆಯನ್ನು ಗುಳಿಗೆಯಲ್ಲಿ ತುಂಬಿ ಮೇಹರೋಗಕ್ಕೆ ಕೊಡುತ್ತಿದ್ದರು. ಪೆನಿಸಿಲಿನ್ ಬಂದಮೇಲೆ ಆ ಪದ್ಧತಿ ಹಿಂದಕ್ಕೆ ಸರಿಯಿತು. ಆ ಕಾಲದಲ್ಲಿಯೂ ಇದು ಹೊಟ್ಟೆಯನ್ನು ಕೆಡಿಸುವುದೆಂದೂ ಮೂತ್ರಪಿಂಡವನ್ನು ಕೆರಳಿಸುವುದೆಂದೂ ವೈದ್ಯರು ಕಂಡುಕೊಂಡಿದ್ದರು. ಆದುದರಿಂದ ಪುರಾತನ ಗ್ರಂಥದಲ್ಲಿ ಹೆಸರಿದೆಯೆಂದು ಸೀಸೆಯ ಎಣ್ಣೆಯನ್ನು ಹಾಲಿಗೋ ನೀರಿಗೋ ಹಾಕಿ ಕುಡಿಯುವುದು ಸಲ್ಲದು. ತಿಂಡಿ ಪಾನೀಯಗಳಿಗೆ ಸುವಾಸನೆಗೆಂದು ಕಾರ್ಖಾನೆಯವರು ಬಳಸುವುದು ಲೆಕ್ಕಕ್ಕೆ ಸಿಗದಷ್ಟು ಅಲ್ಪ ಪ್ರಮಾಣದಲ್ಲಿ. ಅದನ್ನು ನಮ್ಮ ಚಮಚಕ್ಕೆ ಹೋಲಿಸಬಾರದು.

ಪ್ರಯೋಗಶಾಲೆಯಲ್ಲಿ ಗಂಧದೆಣ್ಣೆ ಕೆಲವು ಸೂಕ್ಷ್ಮಜೀವಿಗಳನ್ನು ತಡೆದದ್ದುಂಟು, ಉರಿಯೂತವನ್ನು ತಗ್ಗಿಸಿದ್ದುಂಟು. ಮೊಡವೆಯ ಮೇಲೆ ಸಣ್ಣ ಪ್ರಮಾಣದ ಪರೀಕ್ಷೆಗಳೂ ನಡೆದಿವೆ. ಇವೆಲ್ಲ ಆಸೆ ಹುಟ್ಟಿಸುವ ಸಂಗತಿಗಳೇ ಹೊರತು ತೀರ್ಪಲ್ಲ. ಎದುರು ಕಡೆಯ ಸಾಕ್ಷಿಯನ್ನೂ ಕೇಳಬೇಕು. ಜಪಾನಿನಲ್ಲಿ 1960-70ರ ದಶಕಗಳಲ್ಲಿ ಅನೇಕ ಹೆಂಗಸರ ಮುಖದ ಮೇಲೆ ಕಂದುಬಣ್ಣದ ಕಲೆಗಳು ಕಾಣಿಸಿಕೊಂಡಾಗ, ಕಾರಣವನ್ನು ಹುಡುಕಿದ ವೈದ್ಯರು ಪ್ರಸಾಧನಗಳಲ್ಲಿದ್ದ ಸುಗಂಧದ್ರವ್ಯಗಳ ಕಡೆಗೆ ಬೆರಳು ತೋರಿಸಿದರು. ಆ ಪಟ್ಟಿಯಲ್ಲಿ ಗಂಧದೆಣ್ಣೆಯ ಹೆಸರೂ ಇದ್ದಿತು. ಬಹುಮಂದಿಗೆ ಅದು ಒಗ್ಗುತ್ತದೆ, ನಿಜ. ಆದರೆ ಒಗ್ಗದ ಆ ಕೆಲವರಲ್ಲಿ ನಮ್ಮ ಮನೆಯ ಮಗಳು ಇರಲಾರಳೆಂದು ಯಾರು ಭರವಸೆ ಕೊಡಬಲ್ಲರು?

ಹಾಗಾದರೆ ಬಳಸಲೇಬಾರದೆ? ಬಳಸಬಹುದು, ಅಜ್ಜಿಯ ಸಾಣೆಯ ಲೆಕ್ಕದಲ್ಲಿ. ಎರಡು ಟೀ ಚಮಚ, ಎಂದರೆ ಹತ್ತು ಮಿಲಿಲೀಟರ್, ಕೊಬ್ಬರಿ ಎಣ್ಣೆಗೋ ಎಳ್ಳೆಣ್ಣೆಗೋ ಎರಡು ಹನಿ ಸಾಕು. ನೂರಕ್ಕೆ ಎರಡು ಭಾಗವನ್ನು ಮೀರಬಾರದೆಂದು ಬಲ್ಲವರ ಎಣಿಕೆ. ಮೊದಲು ಮುಂಗೈಯ ಒಳಮಗ್ಗುಲಲ್ಲಿ ತುಸು ಹಚ್ಚಿ ಎರಡು ದಿನ ಕಾದು ನೋಡಬೇಕು. ತುರಿಕೆ, ಕೆಂಪು ಕಂಡರೆ ಅಲ್ಲಿಗೆ ಬಿಟ್ಟುಬಿಡಬೇಕು. ಕಣ್ಣಿನ ಹತ್ತಿರಕ್ಕೆ ಒಯ್ಯಬಾರದು. ಗಾಯದ ಮೇಲೆ, ಎಳೆಮಕ್ಕಳ ಮೈಮೇಲೆ ಹಚ್ಚಬಾರದು. ಬಸುರಿ ಹೆಂಗಸರು, ಮೂತ್ರಪಿಂಡದ ತೊಂದರೆಯಿರುವವರು ವೈದ್ಯರನ್ನು ಕೇಳದೆ ಮುಟ್ಟಬಾರದು. ಸೀಸೆಯು ಕಂದುಬಣ್ಣದ ಗಾಜಿನದಾಗಿರಲಿ; ಬಿಸಿಲು ಬೀಳದ, ಮಕ್ಕಳ ಕೈಗೆ ಎಟುಕದ ಗೂಡಿನಲ್ಲಿರಲಿ. ಬಟ್ಟೆಯ ಪೆಟ್ಟಿಗೆಯಲ್ಲಿ ಹತ್ತಿಯ ಮೇಲೆ ಒಂದು ಹನಿ ಹಾಕಿಟ್ಟರೆ ರೇಷ್ಮೆ ಸೀರೆಗೆ ತಿಂಗಳುಗಟ್ಟಲೆ ಪರಿಮಳ. ಸುವಾಸನೆಗಾಗಿ ಹುಟ್ಟಿದ ವಸ್ತುವನ್ನು ಸುವಾಸನೆಗಾಗಿಯೇ ಬಳಸುವುದರಲ್ಲಿ ತಪ್ಪಾಗುವ ಸಂಭವ ಕಡಿಮೆ.

ಕೊಳ್ಳುವಾಗ ಮೋಸಹೋಗದಿರುವುದು ಹೇಗೆ? ಇದನ್ನು ಕೇಳುವ ಹಕ್ಕು ವಾಚಕರಿಗಿದೆ. ಹೇಳುವ ಯೋಗ್ಯತೆ ನನಗಿದೆಯೋ ಇಲ್ಲವೋ! ಹರಳೆಣ್ಣೆ, ದೇವದಾರಿನ ಎಣ್ಣೆ, ಬಣ್ಣವಿಲ್ಲದ ಖನಿಜತೈಲ, ರಸಾಯನಶಾಲೆಯಲ್ಲಿ ತಯಾರಾದ ಗಂಧದ ವಾಸನೆಯ ದ್ರವ್ಯ, ಇವೆಲ್ಲವೂ ಈ ಹೆಸರಿನಲ್ಲಿ ಮಾರಾಟವಾಗುವುದುಂಟು. ಆಸ್ಟ್ರೇಲಿಯದ ಒಂದು ಜಾತಿಯ ಗಂಧ ನಮ್ಮದರ ದಾಯಾದಿಯೇ ಆದರೂ ಅದರಲ್ಲಿ ಸ್ಯಾಂಟಲಾಲ್ ಕಡಿಮೆ. ವೆಸ್ಟ್ ಇಂಡೀಸಿನ ಗಂಧವೆಂದು ಹೆಸರಾದ ಅಮೈರಿಸ್ ಗಂಧದ ಕುಲಕ್ಕೆ ಸೇರಿದ್ದೇ ಅಲ್ಲ. ಮೂಗು ಇವನ್ನೆಲ್ಲ ಪತ್ತೆಹಚ್ಚಲಾರದು. ನಿಜವಾದ ಪರೀಕ್ಷೆ ಪ್ರಯೋಗಶಾಲೆಯಲ್ಲಿಯೇ ಆಗಬೇಕು. ನಾವು ಮಾಡಬಹುದಾದದ್ದು ಇಷ್ಟು: ಸಸ್ಯದ ಶಾಸ್ತ್ರೀಯ ನಾಮ ಸ್ಯಾಂಟಲಂ ಆಲ್ಬಂ ಎಂದು ಬರೆದಿದೆಯೆ, ತಯಾರಕರ ವಿಳಾಸವಿದೆಯೆ, ತಯಾರಾದ ತಂಡದ ಸಂಖ್ಯೆಯಿದೆಯೆ ಎಂದು ನೋಡುವುದು, ಬಿಲ್ಲು ಕೇಳುವುದು, ಬೆಲೆ ಆಶ್ಚರ್ಯವಾಗುವಷ್ಟು ಕಡಿಮೆಯಿದ್ದರೆ ಆಶ್ಚರ್ಯಪಟ್ಟು ಮುಂದಕ್ಕೆ ನಡೆಯುವುದು.

ಬೆಲೆ ಏಕೆ ಕಡಿಮೆಯಾಗಿರಲಾರದೆಂಬುದನ್ನು ಭಾವನವರ ಬೇಲಿಯೇ ನನಗೆ ತಿಳಿಸಿತು. ಅಂದು ಸಂಜೆ ಅವರು ನನ್ನನ್ನು ಹೊಲಕ್ಕೆ ಕರೆದೊಯ್ದರು. ಹದಿನೆಂಟು ವರ್ಷದ ಮರ ನನ್ನ ತೋಳಿಗಿಂತ ಸ್ವಲ್ಪ ದಪ್ಪವಿದೆ, ಅಷ್ಟೆ. ಗಂಧದ ಗಿಡ ತನ್ನ ಬೇರಿನಿಂದ ನೆರೆಯ ಗಿಡದ ಬೇರನ್ನು ಹಿಡಿದು, ನೀರನ್ನೂ ಲವಣವನ್ನೂ ಹೀರಿ ಬೆಳೆಯುವ ಅರೆಪರಾವಲಂಬಿ. ಹೊಂಗೆಯಿಲ್ಲದಿದ್ದರೆ ಇದೂ ಇಲ್ಲ. ಚೇಗು ಕಟ್ಟಲು ಮೊದಲಾಗುವುದೇ ಹತ್ತು ಹದಿನೈದು ವರ್ಷಗಳ ಮೇಲೆ. ಚೆನ್ನಾಗಿ ಬಲಿಯಲು ಮೂವತ್ತು ವರ್ಷ ಬೇಕು. ಅಷ್ಟರಲ್ಲಿ ಬೆಂಕಿ, ದನ, ಕಳ್ಳ, ರೋಗ, ಇಷ್ಟನ್ನೂ ದಾಟಬೇಕು. ಎಲೆಗಳು ಚಿಕ್ಕದಾಗಿ ಮುಳ್ಳಿನಂತೆ ನಿಮಿರಿ ಮರವನ್ನೇ ಒಣಗಿಸುವ ಸ್ಪೈಕ್ ರೋಗ 1899ರಲ್ಲಿ ಕೊಡಗಿನಲ್ಲಿ ಕಾಣಿಸಿಕೊಂಡದ್ದು ಇನ್ನೂ ನಮ್ಮನ್ನು ಬಿಟ್ಟಿಲ್ಲ.

"ಒಬ್ಬ ಬಂದಿದ್ದ ಕಣಯ್ಯ" ಎಂದರು ಭಾವನವರು, ಮರದ ಮೇಲೆ ಕೈಯಿಟ್ಟು. "ರಾತ್ರಿ ಬಂದು ಅಗೆದುಕೊಂಡು ಹೋಗ್ತೀವಿ, ನೀವು ಕಂಡೇ ಇಲ್ಲ ಅಂದರೆ ಸಾಕು, ದುಡ್ಡು ಮೊದಲೇ ಕೊಡ್ತೀವಿ ಅಂದ. ಇವಳ ಕಾಲೇಜಿನ ಖರ್ಚು ತಲೆಯ ಮೇಲೆ ಕೂತಿದೆ. ಎರಡು ರಾತ್ರಿ ನಿದ್ದೆ ಬರಲಿಲ್ಲ."

ನಾನು ತಿಳಿದಷ್ಟನ್ನು ಹೇಳಿದೆ. 1792ರಲ್ಲಿ ಟಿಪ್ಪು ಸುಲ್ತಾನ್ ಇದನ್ನು ರಾಜವೃಕ್ಷವೆಂದು ಸಾರಿದಂದಿನಿಂದ, ನಮ್ಮ ಹೊಲದಲ್ಲಿ ಹುಟ್ಟಿದರೂ ಗಂಧದ ಮರ ದೊರೆಯದೋ ಸರ್ಕಾರದ್ದೋ ಆಗಿತ್ತು. ತೊಂದರೆ ಏಕೆಂದು ರೈತರು ಸಸಿಯನ್ನೇ ಕಿತ್ತೆಸೆಯುತ್ತಿದ್ದುದುಂಟು. 2001ರಲ್ಲಿ ಕರ್ನಾಟಕದ ಕಾನೂನು ಬದಲಾಗಿ, ನೆಲದ ಒಡೆಯನೇ ಮರದ ಒಡೆಯನಾದ. ಆದರೆ ಅಗೆಯುವುದಕ್ಕೂ ಸಾಗಿಸುವುದಕ್ಕೂ ಅರಣ್ಯ ಇಲಾಖೆಯ ಅಪ್ಪಣೆ ಬೇಕು. ರಾತ್ರಿ ಬರುವವನಿಗೆ ಮಾರಿದರೆ ಮರವೂ ಹೋಯಿತು, ಮಾನವೂ ಹೋಯಿತು. ಅರ್ಧ ಬಲಿತ ಚೇಗಿಗೆ ಸಿಕ್ಕುವ ಹಣವೂ ಅರ್ಧವೇ. ಅಂತಹ ಮರಗಳ ಎಣ್ಣೆಯೇ ಚೀಟಿ ಅಂಟಿಸಿಕೊಂಡು ಎಲ್ಲೋ ದೀಪದ ಕೆಳಗೆ ಅಗ್ಗವಾಗಿ ಕುಳಿತಿದ್ದರೂ ಕುಳಿತಿರಬಹುದು. ಆ ಸೀಸೆಯನ್ನು ಕೊಂಡ ನನಗೆ ಭಾವನವರ ಮುಖವನ್ನು ನೋಡಿ ಇದನ್ನು ಹೇಳುವುದು ಸುಲಭವಾಗಲಿಲ್ಲ.

ಭಾವನವರು ಬಹಳ ಹೊತ್ತು ಸುಮ್ಮನಿದ್ದರು. ಬಳಿಕ, "ಇರಲಿ. ಖರ್ಚಿಗೆ ಕೊಬ್ಬರಿ ಇದೆ" ಎಂದರು. ಆ ರಾತ್ರಿಯೇ ನಾಯಿಯನ್ನು ಕೊಟ್ಟಿಗೆಯಿಂದ ಬಿಚ್ಚಿ ಹೊಲದ ಗುಡಿಸಲಿಗೆ ಕಟ್ಟಿದರು. ಕಾಲೇಜಿನ ಮೊದಲ ಕಂತನ್ನು ನಾನು ಕಟ್ಟುವೆನೆಂದೆ. ಅದನ್ನು ಉದಾರತನವೆಂದು ವಾಚಕರು ತಿಳಿಯಬಾರದು, ದಂಡವೆಂದು ತಿಳಿಯಬೇಕು.

ಸಗಣಿಯವನೊಡನೆ ಸರಸಕ್ಕಿಂತ ಗಂಧದವನೊಡನೆ ಗುದ್ದಾಟ ಲೇಸು ಎಂದು ನಮ್ಮಲ್ಲಿ ಗಾದೆಯಿದೆ. ಗುದ್ದಾಡಿದರೂ ಅವನ ಮೈಯ ಗಂಧ ನಮಗೆ ಹತ್ತೀತೆಂಬ ಆಸೆ. ಈ ಬಾರಿ ನನಗೆ ಹತ್ತಿದ್ದು ಗಂಧವಲ್ಲ, ಬುದ್ಧಿ. ಗಂಧದೆಣ್ಣೆಗೆ ಎರಡು ಕಡೆ ಕಾವಲು ಬೇಕು: ಒಂದು ಬೇಲಿಯಲ್ಲಿ, ಮತ್ತೊಂದು ಸೀಸೆಯ ಬಾಯಲ್ಲಿ. ಮರಕ್ಕೆ ಮೂವತ್ತು ವರ್ಷ ಹಿಡಿದ ಹನಿಯನ್ನು ನಾವು ಮೂರು ರಾತ್ರಿಯಲ್ಲಿ ಚೆಲ್ಲಿದರೆ ಮರಕ್ಕೂ ಅನ್ಯಾಯ, ಮುಖಕ್ಕೂ ಅನ್ಯಾಯ.

ಕಳೆದ ತಿಂಗಳು ಮತ್ತೆ ಹೋಗಿದ್ದೆ. ಹುಡುಗಿ ಬಾಗಿಲಿಗೆ ಓಡಿಬಂದಳು. ಗುಳ್ಳೆಗಳು ಮಾಯವಾಗಿವೆ; ಗದ್ದದ ಬಳಿ ತೆಳುವಾದ ಕಂದುಕಲೆಯೊಂದು ಉಳಿದಿದೆ. ಅದು ಮಾಸಲು ಇನ್ನೂ ಕೆಲವು ತಿಂಗಳು ಬೇಕೆಂದು ವೈದ್ಯರು ಹೇಳಿದ್ದಾರೆ. ನಾನು ಅದರ ಕಡೆ ನೋಡುವುದನ್ನು ಕಂಡು, "ಅದು ಹೋಗುತ್ತೆ ಮಾವ, ಇಲ್ಲಿ ಬನ್ನಿ" ಎಂದು ಹಿತ್ತಿಲಿಗೆ ಕರೆದೊಯ್ದಳು. ಬೇಲಿಯ ಮರದ ಕೆಳಗೆ ಆಯ್ದ ಬೀಜಗಳನ್ನು ಹಾಕಿದ್ದಳಂತೆ. ಆರು ಸಸಿಗಳು ಎದ್ದಿವೆ. ಪ್ರತಿಯೊಂದರ ಪಕ್ಕದಲ್ಲಿ, ಹಿಡಿದು ಬೆಳೆಯಲೆಂದು, ಒಂದೊಂದು ತೊಗರಿಯ ಗಿಡ. ಅವಳ ಅಜ್ಜಿ ಕಟ್ಟೆಯ ಮೇಲೆ ಕುಳಿತು ಕೋಳಿಗಳನ್ನು ಅಟ್ಟುತ್ತಿದ್ದರು.